ಎರಡು ಹೋಳಾದ ಚರ್ಚ್ ಸಭೆ ಮತ್ತೆ ಒಂದಾಗುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ

ನವನಗರ ಸಂಡೇಸ್ಕೂಲ್ ಟೀಚರ್:

ಎಲ್ಲರಿಗೂ ವಂದನೆ. ನಾನು ಬಾಗಲಕೋಟೆಯವಳು. ಸಭೆಯ ಹೆಸರು, ಪಂಗಡ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಯಾರ ಮರ್ಯಾದೆಯನ್ನೂ ಬೀದಿಗೆ ತರುವುದು ನನಗೆ ಬೇಕಿಲ್ಲ. ಆದರೆ ವಿಷಯ ಬಿಚ್ಚಿ ಹೇಳದೆ ಸಲಹೆ ಕೇಳಲೂ ಆಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಆಲಮಟ್ಟಿ ಹಿನ್ನೀರು ಬಂದ ಮೇಲೆ ಹಳೇ ಊರಿನ ಎಷ್ಟೋ ಮನೆಗಳು ನವನಗರಕ್ಕೆ ಹೋದವು ಅಲ್ವಾ, ನಮ್ಮ ಸಭೆಯವರೂ ಹಾಗೇ ಚದುರಿದರು. ಆರಾಧನೆ ಮಾತ್ರ ಹಳೇ ಊರಲ್ಲೇ ನಡೆಯುತ್ತಾ ಬಂತು. ವಯಸ್ಸಾದವರು ಪ್ರತಿ ರವಿವಾರ ಆಟೋ ಹಿಡಿದು ಬರುವುದು ಕಷ್ಟ, ಇಲ್ಲೇ ಒಂದು ಚರ್ಚ್ ಕಟ್ಟೋಣ ಎಂದು ನವನಗರದವರು ಹೇಳಿದರು. ಇರುವುದನ್ನೇ ರಿಪೇರಿ ಮಾಡೋಣ ಎಂದು ಹಳೇ ಊರಿನವರು ಹೇಳಿದರು. ಅಣೆಕಟ್ಟಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪಿನ ನಂತರ ನಡೆದೇ ಇದೆ, ಏರಿದರೆ ಹಳೇ ಊರಿನ ಇನ್ನಷ್ಟು ಭಾಗ ಹೋಗುತ್ತದೆ, ಅಲ್ಲಿ ಯಾಕೆ ದುಡ್ಡು ಸುರಿಯಬೇಕು ಎನ್ನುವುದು ನವನಗರದವರ ವಾದ. ಅಜ್ಜಂದಿರು ಪ್ರಾರ್ಥನೆ ಮಾಡಿದ ಜಾಗವನ್ನು ನೀರು ಬರುವ ಮೊದಲೇ ನಾವಾಗಿಯೇ ಬಿಟ್ಟು ಹೋಗಬೇಕೇ ಎನ್ನುವುದು ಹಳೇ ಊರಿನವರ ವಾದ. ನನಗಂತೂ ಇಬ್ಬರ ಮಾತಿನಲ್ಲೂ ನ್ಯಾಯ ಕಾಣುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಮಾತಾಡಿ ಮುಗಿಸಬಹುದಿತ್ತು. ಆದರೆ ಕಟ್ಟಡ ನಿಧಿ ಎಂದು ಎತ್ತಿದ ದುಡ್ಡು ಹೊಸದಕ್ಕೋ ಹಳೇದಕ್ಕೋ ಎಂದು ರಸೀದಿಯಲ್ಲಿ ಬರೆದಿರಲಿಲ್ಲ. ಅದರಲ್ಲಿ ಒಂದಷ್ಟು ಹಳೇ ಕಟ್ಟಡದ ಛಾವಣಿಗೆ ಖರ್ಚಾಯಿತು. ಲೆಕ್ಕ ಕೇಳಿದಾಗ ಹಿರಿಯರೊಬ್ಬರು "ನಮ್ಮನ್ನ ಕಳ್ಳರು ಅಂತೀರೇನು" ಎಂದು ಎದ್ದು ಹೋದರು. ಅಂದು ರಾತ್ರಿಯೇ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹುಡುಗ ಆ ಮಾತನ್ನೇ ಬರೆದುಬಿಟ್ಟ. ಅಲ್ಲಿಂದ ಎಲ್ಲ ಕೆಟ್ಟಿತು. ಹಾಡಿನ ಜಗಳವೂ ಸೇರಿಕೊಂಡಿತು, ಯುವಕರಿಗೆ ಕೀಬೋರ್ಡ್, ಡ್ರಮ್ಸ್ ಬೇಕು, ಹಿರಿಯರಿಗೆ ಪೇಟಿ (ಹಾರ್ಮೋನಿಯಂ), ತಬಲಾ, ಹಳೇ ಕೀರ್ತನೆ ಬೇಕು. ಈಗ ನವನಗರದಲ್ಲಿ ಒಂದು ಹಾಲ್ ಬಾಡಿಗೆ ಹಿಡಿದು ಬೇರೆ ಆರಾಧನೆ ನಡೆಸುತ್ತಿದ್ದಾರೆ.

ಬೇರೆಯಾಗುವ ಮೊದಲಿನ ಕೊನೆಯ ಪ್ರಭು ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಯ) ದಿನ, ಕೈ ಹಿಡಿದು ಒಬ್ಬರಿಗೊಬ್ಬರು ಸಮಾಧಾನ ಕೊಡುವ ಹೊತ್ತಿನಲ್ಲಿ, ಅಕ್ಕಪಕ್ಕ ನಿಂತ ಎರಡು ಮನೆಯವರು ಒಬ್ಬರನ್ನೊಬ್ಬರು ದಾಟಿ ಮುಂದಿನವರಿಗೆ ಕೈ ಚಾಚಿದರು. ಸಂಡೇಸ್ಕೂಲ್ ಮಕ್ಕಳೆಲ್ಲ ನೋಡುತ್ತಿದ್ದರು. ಮಾರನೇ ವಾರ ಒಂದು ಮಗು "ಟೀಚರ್, ಅವರಿಗೆ ಸಮಾಧಾನ ಕೊಡಬಾರದಾ" ಎಂದು ಕೇಳಿತು.

ನನ್ನ ತವರಿನವರು ನವನಗರದ ಕಡೆ, ಗಂಡನ ಮನೆಯವರು ಹಳೇ ಊರಿನ ಕಡೆ. ಹಬ್ಬಕ್ಕೆ ತವರಿಗೆ ಹೋಗುವುದೂ ಈಗ ದೊಡ್ಡ ವಿಷಯ ಆಗಿಬಿಟ್ಟಿದೆ.

ಹೊಸದಾಗಿ ಬಂದ ಅಯ್ಯನವರು (ಪಾಸ್ಟರ್) ಕ್ರಿಸ್ಮಸ್‌ಗೆ ಎಲ್ಲರನ್ನೂ ಸೇರಿಸಿ ಒಂದೇ ಆರಾಧನೆ, ಆಮೇಲೆ ಎಲ್ಲರಿಗೂ ಊಟ, ಹಳೇದನ್ನೆಲ್ಲ ಮರೆತು ಕೈ ಕುಲುಕಿಸೋಣ ಎನ್ನುತ್ತಿದ್ದಾರೆ. ಕೆಲವರು ಕೋರ್ಟಿಗೆ ಹೋಗೋಣ ಎನ್ನುತ್ತಾರೆ. ಯಾವುದು ಸರಿ? ಪ್ರಾರ್ಥನೆ ಮಾಡಿ ಎಂದಷ್ಟೇ ಬರೆಯಬೇಡಿ, ಅದನ್ನು ಮಾಡುತ್ತಲೇ ಇದ್ದೇವೆ.

ಬೆಳಗಾವಿ ಮಾಸ್ತರ:

ತಂಗಿ, ನಿಮ್ಮ ಅಯ್ಯನವರ ಮನಸ್ಸು ಒಳ್ಳೆಯದು. ಆದರೆ ಆ ಕ್ರಿಸ್ಮಸ್ ಊಟ ಈಗಲೇ ಬೇಡ ಎಂದು ನನಗನಿಸುತ್ತದೆ. ಬೈಬಲಿನಲ್ಲಿ ಬರುವ ಕೊರಿಂಥದ ಸಭೆಯನ್ನು ನೋಡಿ. ಅವರು ಬೇರೆ ಬೇರೆ ಹಾಲ್ ಹಿಡಿದಿರಲಿಲ್ಲ, ಒಂದೇ ಕಡೆ ಕೂಡುತ್ತಿದ್ದರು, ಒಂದೇ ಕಡೆ ಊಟ ಮಾಡುತ್ತಿದ್ದರು. ಆದರೂ ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ನೀವು ಕೂಡಿಬರುವುದರಿಂದ ಒಳ್ಳೆಯದಕ್ಕಿಂತ ಕೆಡುಕೇ ಆಗುತ್ತಿದೆ ಎಂದು ಅಪೊಸ್ತಲ (ಯೇಸುವಿನ ಪ್ರೇಷಿತ) ಪೌಲ ಅವರಿಗೆ ಬರೆದ. ಮೊದಲ ಪತ್ರದ 11ನೇ ಅಧ್ಯಾಯ ಓದಿ. ಒಂದೇ ಪಂಕ್ತಿಯಲ್ಲಿ ಕೂತರೆ ಒಂದಾದೆವು ಎಂದಲ್ಲ.

ನನ್ನ ಅನುಭವದಲ್ಲಿ ಹೆಚ್ಚು ದಾರಿ ತೋರಿಸಿದ್ದು ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ಅದನ್ನು ಸ್ತೆಫನನ ಕಥೆಯ ಪೀಠಿಕೆ ಎಂದು ಓದಿ ದಾಟಿಬಿಡುತ್ತೇವೆ. ಅಲ್ಲಿ ಆದದ್ದು ಭಾಷೆಯ ಜಗಳ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಸರಿಯಾಗಿ ಸಿಗುತ್ತಿಲ್ಲ ಎಂದು ಗುಣುಗುಟ್ಟು ಶುರುವಾಯಿತು. ಕನ್ನಡ, ಮರಾಠಿ ಎರಡೂ ಮಾತಾಡುವ ನಮ್ಮ ಬೆಳಗಾವಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1820ರಲ್ಲಿ ಲಂಡನ್ ಮಿಷನ್ನವರು ಇಲ್ಲಿಗೆ ಬಂದ ಕಾಲದಿಂದ, ಆಮೇಲೆ ಮೆಥೊಡಿಸ್ಟರ ಕೈಗೆ ಕೆಲಸ ಬಂದ ಮೇಲೂ, ಯಾವ ಭಾಷೆಯಲ್ಲಿ ಹಾಡಬೇಕು, ಯಾವ ಭಾಷೆಯವರಿಗೆ ಯಾವ ಹೊತ್ತು ಎನ್ನುವುದು ಈ ಊರಿನಲ್ಲಿ ಸಣ್ಣ ವಿಷಯ ಅಲ್ಲ.

ಅಪೊಸ್ತಲರು ಏನು ಮಾಡಿದರು? ಸುಮ್ನಿರಿ, ನಾವೆಲ್ಲ ಒಂದೇ ಎಂದು ಬಾಯಿ ಮುಚ್ಚಿಸಲಿಲ್ಲ. ದೂರು ನಿಜ ಎಂದು ಒಪ್ಪಿ, ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸಲು ಸಭೆಗೇ ಹೇಳಿದರು. ಆ ಏಳು ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರು! ಅಂದರೆ ದೂರು ಹೇಳಿದವರ ಕಡೆಯವರ ಕೈಗೇ ಹಂಚಿಕೆ ಹೋಯಿತು ಎಂದು ಕಾಣುತ್ತದೆ. ನಿಮ್ಮ ಸಭೆಯಲ್ಲಿ ಹೀಗೆ ಮಾಡಲು ಯಾರಿಗಾದರೂ ಧೈರ್ಯ ಇದೆಯೇ? ಲೆಕ್ಕ ಕೇಳಿದವರಲ್ಲೇ ಇಬ್ಬರನ್ನು ಲೆಕ್ಕ ನೋಡಲು ಕೂರಿಸಿ.

ಇನ್ನೊಂದು ಮಾತು. ಜಾಗದ ಜಗಳ, ಹಾಡಿನ ಜಗಳ, ಲೆಕ್ಕದ ಜಗಳ ಮೂರನ್ನೂ ಒಂದೇ ಮೀಟಿಂಗಿನಲ್ಲಿ ಹಾಕಿಕೊಳ್ಳಬೇಡಿ. ಜಾಗ, ಹಾಡುಗಳಲ್ಲಿ ಇಬ್ಬರೂ ಸರಿ ಇರಬಹುದು. ಲೆಕ್ಕ ಹಾಗಲ್ಲ, ದುಡ್ಡು ಎಲ್ಲಿ ಹೋಯಿತು ಎನ್ನುವುದಕ್ಕೆ ಒಂದೇ ಉತ್ತರ. ಅದು ಮೊದಲು ಮುಗಿಯಲಿ. ಹೊರಗಿನ ಲೆಕ್ಕಪರಿಶೋಧಕರು, ಎರಡೂ ಕಡೆ ನೆಂಟಸ್ತಿಕೆ ಇಲ್ಲದವರು, ಪಾಸ್‌ಬುಕ್ ಮತ್ತು ರಸೀದಿ ಪುಸ್ತಕ ಇಟ್ಟುಕೊಂಡು ನೋಡಲಿ. ಬಂದದ್ದನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ. ಐಕ್ಯತೆ ಎನ್ನುವ ಮಾತನ್ನು ಲೆಕ್ಕ ಕೇಳುವವರ ಬಾಯಿ ಮುಚ್ಚಿಸಲು ಬಳಸುವುದನ್ನು ನಾನು ನೋಡಿದ್ದೇನೆ, ಅದು ನನಗೆ ತುಂಬಾ ನೋವು ಕೊಡುವ ವಿಷಯ.

ವಿಜಯಪುರದ ಅಕ್ಕ:

ಮಾಸ್ತರರೇ, ನಿಮ್ಮ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ಲೆಕ್ಕ ನೋಡಿ ಮುಗಿಸಲು ತಿಂಗಳುಗಟ್ಟಲೆ ಆಗುತ್ತದೆ. ಅಲ್ಲಿಯವರೆಗೆ ಮನೆಗಳು ಹಾಗೇ ಇರಬೇಕೇ? ಅಕ್ಕ ತಂಗಿಯರು ಮಾತು ಬಿಟ್ಟು ಕೂತರೆ, ಲೆಕ್ಕ ಸರಿ ಬಂದ ಮೇಲೂ ಆ ಮಾತು ತಾನಾಗಿ ವಾಪಸ್ ಬರುವುದಿಲ್ಲ.

ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಣ್ಣುಮಕ್ಕಳ ಹೆಸರು ಬರುತ್ತದೆ. ಅವರ ಜಗಳ ಯಾವುದು ಎಂದು ಪೌಲ ಬರೆದಿಲ್ಲ. ಯಾರದು ತಪ್ಪು ಎಂದೂ ಬರೆದಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ಬೇಡಿಕೊಳ್ಳುತ್ತಾನೆ, ಇಬ್ಬರೂ ತನ್ನ ಜೊತೆ ಸುವಾರ್ತೆಗಾಗಿ ದುಡಿದವರು ಎಂದು ಎಲ್ಲರ ಮುಂದೆ ಹೇಳುತ್ತಾನೆ. ಆಮೇಲೆ ಇನ್ನೊಬ್ಬರಿಗೆ "ನೀನು ಇವರಿಗೆ ಸಹಾಯ ಮಾಡು" ಎನ್ನುವ ಹಾಗೆ ಬರೆಯುತ್ತಾನೆ. ಇಬ್ಬರೇ ಸರಿಮಾಡಿಕೊಳ್ಳಲಿ ಎಂದು ಬಿಡಲಿಲ್ಲ. ಟೀಚರಕ್ಕಾ, ನಿಮ್ಮ ತವರು ಒಂದು ಕಡೆ, ಅತ್ತೆಮನೆ ಒಂದು ಕಡೆ. ಆ ಮೂರನೆಯವರ ಜಾಗದಲ್ಲಿ ಈಗ ನೀವೇ ಇದ್ದೀರಿ. ಕಷ್ಟದ ಜಾಗ, ಗೊತ್ತು.

ನಮ್ಮ ಕಡೆಯ ಒಂದು ಸಭೆಯಲ್ಲಿ ಹೆಂಗಸರು ಮಾಡಿದ್ದನ್ನು ಹೇಳುತ್ತೇನೆ. ಅಲ್ಲಿ ಗಂಡಸರು ಕಮಿಟಿ ಚುನಾವಣೆಯ ಸಲುವಾಗಿ ಎರಡು ಪಾರ್ಟಿ ಆಗಿದ್ದರು. ಸ್ತ್ರೀಯರ ಕೂಟದವರು ರಾಜಿ ಮೀಟಿಂಗ್ ಅಂತ ಏನೂ ಕರೆಯಲಿಲ್ಲ. ಹುಷಾರಿಲ್ಲದವರನ್ನು, ಬಾಣಂತಿಯರನ್ನು, ಸಾವಾದ ಮನೆಯವರನ್ನು ನೋಡಲು ಹೋಗುವಾಗ ಈ ಕಡೆಯ ಒಬ್ಬರು, ಆ ಕಡೆಯ ಒಬ್ಬರು ಕೂಡಿಯೇ ಹೋಗಬೇಕು ಎಂದು ಮಾಡಿಕೊಂಡರು. ಚುನಾವಣೆಯ ಮಾತು ತೆಗೆಯಬಾರದು ಎನ್ನುವುದೊಂದೇ ಷರತ್ತು. ಮೊದಮೊದಲು ಬಸ್ಸಿನಲ್ಲಿ ಬಾಯಿ ಬಿಡದೆ ಕೂತು ಹೋದವರೂ ಇದ್ದರು. ಆದರೆ ಒಬ್ಬ ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವಾಗ ಇಬ್ಬರೂ ಕೈ ಹಾಕಲೇಬೇಕು. ಅದರಿಂದ ಚುನಾವಣೆಯ ತಕರಾರು ಬಗೆಹರಿಯಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅದು ಬಗೆಹರಿಯುವ ಹೊತ್ತಿಗೆ ಮನೆಗಳ ನಡುವೆ ಬಾಗಿಲು ತೆರೆದಿತ್ತು.

ಮತ್ತೆ ಆ ವಾಟ್ಸಾಪ್ ಗ್ರೂಪ್. ಇವತ್ತೇ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿಸಿ. ಆರಾಧನೆಯ ಹೊತ್ತು, ಸಾವು, ಮದುವೆ, ಪ್ರಾರ್ಥನೆಯ ವಿಷಯ ಇಷ್ಟೇ ಬರಲಿ. ಮುಖ ನೋಡಿ ಹೇಳಲಾಗದ ಮಾತನ್ನು ರಾತ್ರಿ ಹೊತ್ತು ಫೋನಿನಲ್ಲಿ ಟೈಪ್ ಮಾಡುವುದು ಎಷ್ಟು ಸಭೆ ಕೆಡಿಸಿದೆಯೋ.

ವಕೀಲ, ಬೆಳಗಾವಿ:

ಕೋರ್ಟಿನ ವಿಷಯಕ್ಕೆ ಮಾತ್ರ ಉತ್ತರ ಕೊಡುತ್ತೇನೆ. 1 ಕೊರಿಂಥ 6ರಲ್ಲಿ ಪೌಲ ಹೇಳಿದ್ದು ನಿಮಗೆಲ್ಲ ಗೊತ್ತು, ಸಹೋದರರ ವ್ಯಾಜ್ಯವನ್ನು ಹೊರಗಿನ ನ್ಯಾಯಾಧೀಶರ ಮುಂದೆ ಒಯ್ಯುವುದಕ್ಕಿಂತ ಅನ್ಯಾಯವನ್ನು ಸಹಿಸಬಾರದೇಕೆ ಎಂದು ಕೇಳುತ್ತಾನೆ. ಆ ಮಾತನ್ನು ಬದಿಗಿಟ್ಟು ಬರೀ ಕಾನೂನಾಗಿ ನೋಡಿದರೂ ನನ್ನ ಸಲಹೆ ಬೇಡ ಎಂದೇ.

ಮೊದಲು ಆಸ್ತಿ ಯಾರ ಹೆಸರಲ್ಲಿದೆ ನೋಡಿ. ಎಷ್ಟೋ ಸಲ ಚರ್ಚಿನ ಜಾಗ ಊರಿನ ಸಭೆಯ ಹೆಸರಲ್ಲಿ ಇರುವುದೇ ಇಲ್ಲ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದರೆ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿ ಇರುತ್ತದೆ. ಬೇರೆ ಪಂಗಡಗಳಿಗೂ ಅವರದೇ ಟ್ರಸ್ಟ್, ಸೊಸೈಟಿ ಇರುತ್ತವೆ. ಹಾಗಿದ್ದಾಗ ನೀವಿಬ್ಬರೂ ವರ್ಷಗಟ್ಟಲೆ ಬಡಿದಾಡುವುದು ಇಬ್ಬರ ಹೆಸರಿನಲ್ಲೂ ಇಲ್ಲದ ಜಾಗಕ್ಕೆ. ತಡೆಯಾಜ್ಞೆ ಬಂದರೆ ಇಬ್ಬರಿಗೂ ಬೀಗ. ಕ್ರಿಸ್ಮಸ್‌ಗೂ ಬೀಗ, ಮದುವೆಗೂ ಬೀಗ.

ಈಗಾಗಲೇ ಯಾರಾದರೂ ದಾವೆ ಹಾಕಿದ್ದರೆ ಗಾಬರಿ ಬೇಡ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ಮಧ್ಯಸ್ಥಿಕೆಗೆ ಕಳಿಸಿ ಎಂದು ಕೋರ್ಟಿಗೇ ಕೇಳಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಡಿಕ್ರಿಯಷ್ಟೇ ಗಟ್ಟಿ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಆದರೆ ಒಂದನ್ನು ಬೇರೆಯಾಗಿ ಇಡಿ. ಯಾರಾದರೂ ನಿಜವಾಗಿ ದುಡ್ಡು ತಿಂದಿದ್ದರೆ, ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ತೊಂದರೆ ಕೊಟ್ಟಿದ್ದರೆ, ಅದು ಒಳಗೇ ಮುಚ್ಚಿಡುವ ವಿಷಯ ಅಲ್ಲ. ಪೌಲನ ಆ ಮಾತನ್ನು ಅಪರಾಧ ಮುಚ್ಚಲು ಎಳೆದು ತರುವವರನ್ನು ನಂಬಬೇಡಿ.

ಗುಳೇದಗುಡ್ಡದಿಂದ:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಹಾಡಿನ ಬಗ್ಗೆ, ಜಾಗದ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ. ನಮ್ಮದು ನೇಕಾರರ ಊರು, ಬಾಸೆಲ್ ಮಿಷನ್ನವರು 1851ರಲ್ಲಿ ಇಲ್ಲಿ ಕೆಲಸ ಶುರು ಮಾಡಿದರು. ಮಗ್ಗದ ಮೇಲೆ ಹಾಸು ಗೋಜಲಾದರೆ ಅವಸರದಲ್ಲಿ ಎಳೆದವನು ಎಳೆ ಕಡಿಯುತ್ತಾನೆ ಎನ್ನುವುದು ನಮ್ಮಲ್ಲಿ ಸಣ್ಣ ಹುಡುಗರಿಗೂ ಗೊತ್ತು. ನೀವು ಕ್ರಿಸ್ಮಸ್ ಎಂದು ದಿನ ಗೊತ್ತು ಮಾಡಿದ್ದೇ ನನಗೆ ಅವಸರ ಎನಿಸುತ್ತದೆ.

ದಕ್ಷಿಣ ಭಾರತ ಸಭೆ ಹೇಗೆ ಆಯಿತು ನೋಡಿ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೂತು ಮಾತು ಶುರು ಮಾಡಿದರು. ಒಂದಾದದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. 28 ವರ್ಷ! ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್, ಇವರ ನಡುವೆ ಬಿಷಪ್ ಬೇಕೋ ಬೇಡವೋ ಎಂಬುದರಿಂದ ಹಿಡಿದು ಎಲ್ಲದರಲ್ಲೂ ತಕರಾರು. ಮುಂದೆ ಸಾಗಲು ಒಂದು ವಚನ ಕೊಟ್ಟುಕೊಂಡರು. ಯಾವ ಸಭೆಯ ಮೇಲೂ ಅವರಿಗೆ ಬಳಕೆ ಇಲ್ಲದ, ಅವರ ಮನಸ್ಸಾಕ್ಷಿಗೆ ಒಪ್ಪದ ಆರಾಧನೆಯ ಪದ್ಧತಿಯನ್ನು, ಸೇವಕರನ್ನು ಹೇರುವುದಿಲ್ಲ ಎಂದು. ಮೊದಲು ಒಂದೇ ಥರ ಆಗಿ, ಆಮೇಲೆ ಒಂದಾಗೋಣ ಎಂದು ಅವರು ಹೇಳಲಿಲ್ಲ. ನಿಮ್ಮ ಪೇಟಿಯವರಿಗೂ ಡ್ರಮ್ಸಿನವರಿಗೂ ಇಂಥದ್ದೊಂದು ವಚನ ಸಾಕು. ಒಬ್ಬರ ಹಾಡನ್ನು ಇನ್ನೊಬ್ಬರು ಸಭೆಯಿಂದ ಓಡಿಸುವುದಿಲ್ಲ ಎಂದು. ಅಜ್ಜನ ಕೀರ್ತನೆಯನ್ನು ಹುಡುಗರು ಕೀಬೋರ್ಡಿನಲ್ಲಿ ಕಲಿಯಲಿ, ರಾಗ ಕಲಿಸುವುದಕ್ಕೆ ಅಜ್ಜನನ್ನೇ ಕರೆಯಲಿ.

ಟೀಚರ್ ಅವರು ಹೇಳಿದ ಆ ಸಮಾಧಾನ ಕೊಡುವ ಪದ್ಧತಿ ಇದೆಯಲ್ಲ, ಹಳೇ ಕಾಲದ ಸಿರಿಯನ್ ಕ್ರೈಸ್ತರಲ್ಲಿ ಉಳಿದುಕೊಂಡಿದ್ದ ಅದನ್ನು ಸಿಎಸ್‌ಐ ತನ್ನ 1950ರ ಪ್ರಭು ಭೋಜನದ ಕ್ರಮದಲ್ಲಿ ಸೇರಿಸಿತು. ಎರಡೂ ಕೈಯಲ್ಲಿ ಕೈ ಹಿಡಿದು ಒಬ್ಬರಿಂದ ಒಬ್ಬರಿಗೆ ದಾಟಿಸುವುದು. ಅದು ರೊಟ್ಟಿ, ದ್ರಾಕ್ಷಾರಸಕ್ಕಿಂತ ಮೊದಲು ಬರುತ್ತದೆ. ಯಜ್ಞವೇದಿಯ ಹತ್ತಿರ ಕಾಣಿಕೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಸರಿಮಾಡಿಕೋ ಎಂದು ಯೇಸು ಮತ್ತಾಯ 5ರಲ್ಲಿ ಹೇಳಿದ್ದಕ್ಕೆ ಸರಿಯಾಗಿದೆ. ಅದಕ್ಕೇ ಜನರನ್ನು ಸಾಲಾಗಿ ನಿಲ್ಲಿಸಿ ಕೈ ಕುಲುಕಿಸುವುದು ನನಗೆ ಸರಿ ಕಾಣುವುದಿಲ್ಲ. ಒಳಗೆ ಸಿಟ್ಟು ಇಟ್ಟುಕೊಂಡು ಕೊಟ್ಟ ಕೈಯನ್ನು ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ.

ಕೊನೆಗೆ ಜಾಗ. ಎರಡು ಕಡೆ ಆರಾಧನೆ ನಡೆದರೆ ಅದು ಒಡಕು ಎಂದು ಯಾಕೆ ತಿಳಿಯಬೇಕು? ವಯಸ್ಸಾದವರಿಗೆ ದೂರ ಆಗುತ್ತದೆ ಎನ್ನುವುದು ನಿಜವಾದ ಅಗತ್ಯ. ಒಂದೇ ಕಮಿಟಿ, ಒಂದೇ ಖಾತೆ, ಒಬ್ಬರೇ ಅಯ್ಯನವರು, ಎರಡು ಕಡೆ ಆರಾಧನೆ, ತಿಂಗಳ ಪ್ರಭು ಭೋಜನ ಮಾತ್ರ ಕೂಡಿ. ಹೀಗಾಗಬಹುದಲ್ಲ? ಪೌಲ, ಬಾರ್ನಬ ಕೂಡ ಜೊತೆಗಾರ ಮಾರ್ಕನ ಸಲುವಾಗಿ ಜಗಳವಾಡಿ ಬೇರೆ ದಾರಿ ಹಿಡಿದರು. ಮುಂದೆ ಅದೇ ಮಾರ್ಕನನ್ನು ಕರಕೊಂಡು ಬಾ, ಅವನು ನನಗೆ ಉಪಯೋಗ ಎಂದು ಪೌಲನೇ ತಿಮೊಥೆಯನಿಗೆ ಬರೆದ.

ನವನಗರ ಸಂಡೇಸ್ಕೂಲ್ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಮಾಸ್ತರರ ಉತ್ತರವನ್ನು ನಮ್ಮ ಅಯ್ಯನವರಿಗೆ ಓದಿ ಹೇಳಿದೆ. ಕ್ರಿಸ್ಮಸ್ ಊಟದ ವಿಷಯ ಸದ್ಯಕ್ಕೆ ಬಿಡೋಣ, ಮೊದಲು ಲೆಕ್ಕ ಎಂದು ಅವರೂ ಒಪ್ಪಿದರು.

ಆದರೆ ಒಂದು ಮಾತು ಮೊದಲೇ ಹೇಳಿರಲಿಲ್ಲ, ಈಗ ಹೇಳಲೇಬೇಕು. ಎದ್ದು ಹೋದ ಆ ಹಿರಿಯರು ನನ್ನ ಮಾವನವರು. ಖಜಾಂಚಿ ಅವರೇ. ಒಂದು ರೂಪಾಯಿ ಮುಟ್ಟುವ ಮನುಷ್ಯ ಅಲ್ಲ ಎಂದು ನನಗೆ ಗೊತ್ತು. ಆದರೆ ಗ್ರೂಪಿನಲ್ಲಿ ಆ ಮಾತು ಬಂದ ಮೇಲೆ "ಅವರು ಕೇಳಿದ ಮೇಲೆ ನಾನು ತೋರಿಸಿದರೆ ಕಳ್ಳ ಅಂತ ಒಪ್ಪಿಕೊಂಡ ಹಾಗೆ" ಎಂದು ಹಟ ಹಿಡಿದಿದ್ದಾರೆ. ಗ್ರೂಪಿನಲ್ಲಿ ಬರೆದವನು ನನ್ನ ಕಾಕಾನ ಮಗ. ಮಾವನವರನ್ನು ಲೆಕ್ಕ ತೋರಿಸಲು ಹೇಗೆ ಒಪ್ಪಿಸುವುದು?

ಬೆಳಗಾವಿ ಮಾಸ್ತರ:

ತಂಗಿ, ಲೆಕ್ಕ ತೋರಿಸಬೇಕಾದದ್ದು ಖಂಡಿತ. ಸಭೆಯ ದುಡ್ಡು ಹಿಡಿದವರು ಕೇಳಿದರೂ ಕೇಳದಿದ್ದರೂ ತೋರಿಸಬೇಕು. ಆದರೆ ಅದಕ್ಕಿಂತ ಮೊದಲು ಒಂದು ಸಾಲ ತೀರಬೇಕು. ಆ ಹುಡುಗ ಹಿರಿಯರನ್ನು ಎಲ್ಲರ ಮುಂದೆ ಕಳ್ಳ ಎಂದಿದ್ದಾನೆ, ಯಾವ ಸಾಕ್ಷಿಯೂ ಇಲ್ಲದೆ. ಮತ್ತಾಯ 18ರಲ್ಲಿ ಮೊದಲು ಒಬ್ಬನೇ ಹೋಗಿ ಮಾತಾಡು ಎಂದಿದೆ, ಆಮೇಲೆ ಒಬ್ಬಿಬ್ಬರನ್ನು ಕರಕೊಂಡು ಹೋಗು, ಅದಾದ ಮೇಲೆ ಸಭೆಗೆ ಹೇಳು. ಅವನು ತಿರುಗಾ ಮುರುಗಾ ಮಾಡಿ ಸಭೆಯಿಂದ ಶುರು ಮಾಡಿದ.

ಅವನನ್ನು ಒಬ್ಬನನ್ನೇ ನಿಮ್ಮ ಮನೆಗೆ ಕಳಿಸಿ. ಕಮಿಟಿಯವರು ಬೇಡ, ಅಯ್ಯನವರೂ ಬೇಡ. ಲೆಕ್ಕದ ಮಾತು ಆ ದಿನ ತೆಗೆಯಬಾರದು. "ಕಾಕಾರೇ, ಆ ಮಾತು ನಾನು ಬರೆಯಬಾರದಿತ್ತು" ಎನ್ನಲಿ. "ಆದರೆ", "ಅಷ್ಟಕ್ಕೂ" ಎನ್ನುವ ಶಬ್ದ ಸೇರಿಸಬಾರದು. ಬರೆದದ್ದು ಗ್ರೂಪಿನಲ್ಲಿ ಆದ್ದರಿಂದ ಕ್ಷಮೆಯೂ ಅದೇ ಗ್ರೂಪಿನಲ್ಲಿ ಬರಲಿ, ಮನೆಗೆ ಬಂದು ಹೋದ ಮೇಲೆ. ನಾನೂ ಬಹಳ ವರ್ಷ ಸಭೆಯ ಖಜಾಂಚಿ ಆಗಿದ್ದೆ. ಸಂಬಳ ಇಲ್ಲ, ಧನ್ಯವಾದ ಇಲ್ಲ, ಒಂದು ರಸೀದಿ ಕಳೆದರೆ ಕೈಯಿಂದ ತುಂಬಬೇಕು. ಅಂಥವರಿಗೆ ಆ ಮಾತು ಎಷ್ಟು ಚುಚ್ಚುತ್ತದೆ ಎಂದು ನನಗೆ ಗೊತ್ತು. ಮರ್ಯಾದೆ ವಾಪಸ್ ಸಿಕ್ಕ ಮೇಲೆ ಹೆಚ್ಚಿನವರು ತಾವಾಗಿಯೇ ಪುಸ್ತಕ ತೆಗೆದು ಮುಂದಿಡುತ್ತಾರೆ. ಇಡದಿದ್ದರೆ ಆಗ ಅಯ್ಯನವರು ಬಂದು ಕೇಳಲಿ.

ನವನಗರ ಸಂಡೇಸ್ಕೂಲ್ ಟೀಚರ್:

ಕಾಕಾನ ಮಗನ ಜೊತೆ ಇವತ್ತು ಮಾತಾಡಿದೆ. ಮೊದಲು ರೇಗಾಡಿದ, ಆಮೇಲೆ ಈ ಶನಿವಾರ ಸಂಜೆ ಬರುತ್ತೇನೆ ಎಂದ. ಮಾವನವರಿಗೆ ಅವನು ಬರುತ್ತಾನೆ ಎಂದಷ್ಟೇ ಹೇಳಿದ್ದೇನೆ, ಬೇಡ ಎನ್ನಲಿಲ್ಲ. ಅತ್ತೆ ಅವನಿಗೆ ಇಷ್ಟ ಎಂದು ಶೇಂಗಾ ಹೋಳಿಗೆ ಮಾಡುತ್ತೇನೆ ಎನ್ನುತ್ತಿದ್ದಾರೆ. ವಿಜಯಪುರದ ಅಕ್ಕ ಹೇಳಿದಂತೆ ಗ್ರೂಪ್ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿಸಿದ್ದೇವೆ, ಹುಷಾರಿಲ್ಲದವರ ಮನೆಗೆ ಜೋಡಿಯಾಗಿ ಹೋಗಲು ಈ ಕಡೆ, ಆ ಕಡೆ ಸೇರಿ ಕೆಲವು ಹೆಂಗಸರು ಹೂಂ ಎಂದಿದ್ದಾರೆ.

ಲೆಕ್ಕ ನೋಡಲು ಬಾಗಲಕೋಟೆ, ಇಳಕಲ್, ಜಮಖಂಡಿ ಕಡೆಯ ಲೆಕ್ಕಪರಿಶೋಧಕರು ಯಾರಾದರೂ ಗೊತ್ತಿದ್ದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ. ನಮ್ಮ ಸಭೆಯಲ್ಲಿ ಯಾರ ನೆಂಟರೂ ಆಗಿರಬಾರದು. ರಸೀದಿ ಪುಸ್ತಕಗಳು ತುಂಬಾ ಇವೆ, ಕೆಲವು ಹಳೇ ಊರಿನ ಮನೆ ಬಿಡುವಾಗ ಒದ್ದೆಯಾಗಿವೆ, ಓದಲು ತಾಳ್ಮೆ ಇರುವವರೇ ಬೇಕು.